ಹೈಸ್ಕೂಲ್ ವಿಜ್ಞಾನ ಮೇಷ್ಟ್ರಾಗಬೇಕಾ? ಬಿ.ಇಡಿಗಿಂತ ಮೊದಲು ಬಿಎಸ್ಸಿ ಕಾಂಬಿನೇಷನ್ ನೋಡಿ

‘ಬಿಎಸ್ಸಿ ಮಾಡಿ, ಬಿ.ಇಡಿ ಮಾಡಿದ್ರೆ ಸೈನ್ಸ್ ಟೀಚರ್ ಆಗಬಹುದು ತಾನೇ?’ ಅಂತ ತುಂಬಾ ಜನ ಕೇಳ್ತಾರೆ. ಆಗಬಹುದು. ಆದರೆ ಯಾವ ಬಿಎಸ್ಸಿ ಅನ್ನೋದೇ ಇಲ್ಲಿ ಮುಖ್ಯ.

ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಲ್ಲಿ ‘ವಿಜ್ಞಾನ ಶಿಕ್ಷಕ’ ಅಂತ ಒಂದೇ ಹುದ್ದೆ ಇಲ್ಲ. ಒಂದು ಪಿಸಿಎಂ, ಅಂದ್ರೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಓದಿದವರಿಗೆ. ಇನ್ನೊಂದು ಸಿಬಿಝಡ್, ಅಂದ್ರೆ ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ ಓದಿದವರಿಗೆ. ಎಷ್ಟೋ ಶಾಲೆಗಳಲ್ಲಿ ಪಿಸಿಎಂ ಮೇಷ್ಟ್ರಿಗೆ ಗಣಿತದ ತರಗತಿಗಳೇ ಸಾಕಾಗಿಬಿಡುತ್ತೆ. ವಿಜ್ಞಾನದ ಪುಸ್ತಕ ಸಿಬಿಝಡ್‌ನವರ ಕೈಗೆ ಹೋಗುತ್ತೆ. ಪದವಿಯಲ್ಲಿ ಭೌತವಿಜ್ಞಾನ ಮುಟ್ಟದವರು ಹತ್ತನೇ ಕ್ಲಾಸಿಗೆ ಬೆಳಕು, ವಿದ್ಯುಚ್ಛಕ್ತಿ ಪಾಠ ಮಾಡಬೇಕಾಗುತ್ತೆ. ಇದು ಸರಿಯಾದ ವ್ಯವಸ್ಥೆ ಅಂತ ನನಗನ್ನಿಸೋದಿಲ್ಲ, ಆದರೆ ವಾಸ್ತವ ಹೀಗಿದೆ.

ಕೇಂದ್ರೀಯ ವಿದ್ಯಾಲಯದ ಲೆಕ್ಕವೇ ಬೇರೆ. 2022ರ ನೇಮಕಾತಿ ಅಧಿಸೂಚನೆಯಲ್ಲಿ ಟಿಜಿಟಿ ವಿಜ್ಞಾನ ಹುದ್ದೆಗೆ ಕೇಳಿದ್ದು ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ, ರಸಾಯನವಿಜ್ಞಾನ. ಪಿಸಿಎಂನವರಿಗೆ ಅಲ್ಲಿ ದಾರಿ ಇದ್ದದ್ದು ಗಣಿತದ ಹುದ್ದೆಗೆ. ಜೊತೆಗೆ ಸಿಟಿಇಟಿ ಎರಡನೇ ಪತ್ರಿಕೆ ಪಾಸಾಗಿರಬೇಕಿತ್ತು.

ಹಾಗಾಗಿ ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಇರೋ ಕಾಂಬಿನೇಷನ್ ತಗೊಳ್ಳೋ ಮೊದಲು ಎರಡು ಸಲ ಯೋಚಿಸಿ. ವಿಷಯ ಚೆನ್ನಾಗಿದೆ, ನಿಜ. ಆದರೆ ಅಧಿಸೂಚನೆ ಹೆಸರು ಹಿಡಿದು ಕೇಳೋ ವಿಷಯ ನಿಮ್ಮ ಅಂಕಪಟ್ಟಿಯಲ್ಲಿ ಇಲ್ಲದಿದ್ರೆ, ಆಮೇಲೆ ಮಾಡೋ ಬಿ.ಇಡಿ ಆ ಕೊರತೆ ತುಂಬಿಕೊಡೋದಿಲ್ಲ. ಪಿಯುಸಿಯಲ್ಲಿ ಪಿಸಿಎಂಬಿ ಓದಿದವರಿಗೆ ಎರಡೂ ದಾರಿ ತೆರೆದಿರುತ್ತೆ.

2021-22ರಿಂದ ಎನ್‌ಇಪಿ ಪದ್ಧತಿಯಲ್ಲಿ ಪದವಿಗೆ ಸೇರಿದವರು ಇನ್ನಷ್ಟು ಹುಷಾರಾಗಿರಬೇಕು. ಅವರದು ಎರಡು ಮುಖ್ಯ ವಿಷಯದ ಬಿಎಸ್ಸಿ. 2024-25ರಿಂದ ಮೂರು ವಿಷಯಗಳ ಪದವಿ ವಾಪಸ್ ಬಂತು. ನಡುವಿನ ಬ್ಯಾಚ್‌ನವರು ಬಿ.ಇಡಿ ಫೀಸು ಕಟ್ಟೋಕೆ ಮುಂಚೆ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಮುಂದಿಟ್ಟುಕೊಂಡು, ನೇಮಕಾತಿ ಅಧಿಸೂಚನೆ ಜೊತೆ ಸಾಲು ಸಾಲಾಗಿ ತಾಳೆ ನೋಡಲಿ.

ಇನ್ನು ಬಿ.ಇಡಿ. 2015ರಿಂದ ಎರಡು ವರ್ಷದ ಕೋರ್ಸ್. ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ 50 ಅಂಕ ಬೇಕು. ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಎಂಜಿನಿಯರಿಂಗ್ ಓದಿದವರೂ ಸೇರಬಹುದು, ಆದರೆ ಶೇ 55 ಇರಬೇಕು. ರಾಜ್ಯದ ಸರ್ಕಾರಿ ಕೋಟಾದ ಸೀಟಿಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಇಲ್ಲ, ಪದವಿ ಅಂಕಗಳೇ ಆಧಾರ.

ಬಿಎಸ್ಸಿ ಮೂರು, ಬಿ.ಇಡಿ ಎರಡು, ಒಟ್ಟು ಐದು ವರ್ಷ ಆಯ್ತು. ಒಂದು ವರ್ಷ ಉಳಿಸಬೇಕು ಅನ್ನೋರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಅಲ್ಲಿ ಪಿಯುಸಿ ಆದಮೇಲೆ ನೇರವಾಗಿ ನಾಲ್ಕು ವರ್ಷದ ಬಿಎಸ್ಸಿ-ಬಿ.ಇಡಿ ಸೇರಬಹುದು. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೀಬೇಕು, ಸ್ಪರ್ಧೆಯೂ ಜೋರು. ಅದರ ಅರ್ಜಿ ಪದವಿ ಕಾಲೇಜುಗಳ ದಾಖಲಾತಿಗಿಂತ ಮೊದಲೇ ಮುಗಿದುಹೋಗುತ್ತೆ. ಹಾಗಾಗಿ ಪಿಯುಸಿ ಫಲಿತಾಂಶ ಬರಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ.