ಗೊಂಬೆಗೆ ನಟನೆ ಕಲಿಸಿದ ಒಬ್ರಿಯನ್

1933ರ 'ಕಿಂಗ್ ಕಾಂಗ್' ಚಿತ್ರದಲ್ಲೊಂದು ಕಾಳಗವಿದೆ. ದೈತ್ಯ ವಾನರ ಕಾಂಗ್, ಡೈನೊಸಾರ್‌ನ ದವಡೆ ಸೀಳಿ ಅದನ್ನು ಕೊಲ್ಲುತ್ತದೆ. ಆಮೇಲೆ ಜೋತುಬಿದ್ದ ಆ ದವಡೆಯನ್ನು ಎತ್ತಿ, ಬಿಟ್ಟು, ನಿಜಕ್ಕೂ ಸತ್ತಿತೇ ಎಂದು ಪರೀಕ್ಷಿಸುತ್ತದೆ. ಖಾತ್ರಿಯಾದ ಮೇಲೆಯೇ ಎದೆ ಬಡಿದುಕೊಂಡು ಅಬ್ಬರಿಸುವುದು. ತೆರೆಯ ಮೇಲೆ ಬೆಟ್ಟದಂತೆ ಕಾಣುವ ಈ ಕಾಂಗ್, ಸುಮಾರು ಒಂದೂವರೆ ಅಡಿಯ ಗೊಂಬೆ. ಅದಕ್ಕೆ ಈ ಕುತೂಹಲ, ಈ ಹಮ್ಮು ಕೊಟ್ಟವರು ವಿಲ್ಲಿಸ್ ಒಬ್ರಿಯನ್.

1886ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಹುಟ್ಟಿದ ಒಬ್ರಿಯನ್ ಮಾಡದ ಕೆಲಸವಿಲ್ಲ. ದನ ಕಾಯ್ದರು, ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು, ಅಮೃತಶಿಲೆ ಕೆತ್ತಿದರು. ಬಾಕ್ಸಿಂಗ್ ಎಂದರೆ ಪ್ರಾಣ. ಬಿಡುವಿನಲ್ಲಿ ಜೇಡಿಮಣ್ಣಿನ ಬಾಕ್ಸರ್‌ಗಳನ್ನು ಮಾಡಿ, ಅವುಗಳ ಭಂಗಿ ಬದಲಿಸುತ್ತಿದ್ದಾಗ ಇವನ್ನೇಕೆ ಸಿನಿಮಾದಲ್ಲಿ ಓಡಾಡಿಸಬಾರದು ಎಂಬ ಯೋಚನೆ ಬಂತು. 1915ರಲ್ಲಿ ತಯಾರಾದ ಅವರ ಪುಟ್ಟ ಡೈನೊಸಾರ್ ಚಿತ್ರವನ್ನು ಎಡಿಸನ್ ಕಂಪನಿ ಕೊಂಡುಕೊಂಡಿತು.

ಈ ಕಲೆಯ ಹೆಸರು ಸ್ಟಾಪ್ ಮೋಷನ್. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್ ತೆಗೆಯಬೇಕು. ಮತ್ತೆ ಸರಿಸಬೇಕು, ಮತ್ತೆ ತೆಗೆಯಬೇಕು. ಟಾಕಿ ಚಿತ್ರದ ಒಂದು ಸೆಕೆಂಡಿಗೆ 24 ಫ್ರೇಮ್, ಒಂದು ನಿಮಿಷಕ್ಕೆ 1,440. ನಡುವೆ ಕೈತಪ್ಪಿದರೆ ದಿನದ ದುಡಿಮೆಯೇ ವ್ಯರ್ಥ.

ಗೊಂಬೆ ಕಟ್ಟುತ್ತಿದ್ದವರು ಮೆಕ್ಸಿಕೊ ಮೂಲದ ಶಿಲ್ಪಿ ಮಾರ್ಸೆಲ್ ಡೆಲ್ಗಾಡೊ. ಒಳಗೆ ಕೀಲುಗಳುಳ್ಳ ಲೋಹದ ಅಸ್ಥಿಪಂಜರ, ಸ್ನಾಯುಗಳಿಗೆ ಹತ್ತಿ ಮತ್ತು ರಬ್ಬರ್, ಕಾಂಗ್‌ನ ಮೈಗೆ ಮೊಲದ ರೋಮ. 1925ರ 'ದ ಲಾಸ್ಟ್ ವರ್ಲ್ಡ್' ಚಿತ್ರಕ್ಕಾಗಿ ಕೆಲವು ಡೈನೊಸಾರ್‌ಗಳ ಹೊಟ್ಟೆಯಲ್ಲಿ ಗಾಳಿಚೀಲ ಇಟ್ಟು, ಅವು ಉಸಿರಾಡುವಂತೆಯೂ ಮಾಡಿದ್ದರು. ಆ ಚಿತ್ರದ ಪರೀಕ್ಷಾರ್ಥ ತುಣುಕನ್ನು 1922ರಲ್ಲಿ ಕಾದಂಬರಿಕಾರ ಕಾನನ್ ಡಾಯ್ಲ್ ನ್ಯೂಯಾರ್ಕಿನ ಜಾದೂಗಾರರ ಕೂಟದಲ್ಲಿ ಏನೂ ವಿವರಿಸದೆ ತೋರಿಸಿದಾಗ, ಜಾದೂಗಾರರೇ ತಬ್ಬಿಬ್ಬಾದರು.

ಕಾಂಗ್‌ನ ಮೈಗೂದಲು ಸದಾ ಅಲುಗಾಡುವುದನ್ನು ಗಮನಿಸಿ. ಪ್ರತಿ ಫ್ರೇಮಿಗೂ ಗೊಂಬೆಯನ್ನು ಮುಟ್ಟಿದ ಬೆರಳುಗಳ ಗುರುತು ಅದು. ನೋಡುವವರಿಗೆ ಮಾತ್ರ ಸಿಟ್ಟಿನಿಂದ ನಿಮಿರಿದ ರೋಮದಂತೆ ಕಾಣುತ್ತದೆ. ಕಾದಾಟದ ಪಟ್ಟುಗಳಲ್ಲೂ ಒಬ್ರಿಯನ್‌ರ ಬಾಕ್ಸಿಂಗ್ ಹುಚ್ಚು ಎದ್ದು ಕಾಣುತ್ತದೆ.

ಇಂಥ ಕೆಲಸಕ್ಕೆ ಆಗ ಆಸ್ಕರ್‌ನಲ್ಲಿ ವಿಭಾಗವೇ ಇರಲಿಲ್ಲ. 'ಕಿಂಗ್ ಕಾಂಗ್' ತೆರೆಕಂಡ 1933ರಲ್ಲೇ ಒಬ್ರಿಯನ್ ತಮ್ಮ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡರು. ಮುಂದೆ ಅವರು ಕನಸಿದ ಹಲವು ಚಿತ್ರಗಳು ರೇಖಾಚಿತ್ರಗಳಲ್ಲೇ ಉಳಿದವು. 1949ರ 'ಮೈಟಿ ಜೋ ಯಂಗ್' ಚಿತ್ರಕ್ಕೆ ಸ್ಪೆಷಲ್ ಎಫೆಕ್ಟ್ಸ್‌ ಆಸ್ಕರ್ ಬಂತು. ಅದರಲ್ಲಿ ಹೆಚ್ಚಿನ ಗೊಂಬೆ ಚಲನೆ ಮಾಡಿದ್ದು, ಬಾಲ್ಯದಲ್ಲಿ 'ಕಿಂಗ್ ಕಾಂಗ್' ನೋಡಿ ಮರುಳಾಗಿದ್ದ ಶಿಷ್ಯ ರೇ ಹ್ಯಾರಿಹೌಸನ್. ಒಬ್ರಿಯನ್ 1962ರಲ್ಲಿ ತೀರಿಕೊಂಡರು.

1993ರ 'ಜುರಾಸಿಕ್ ಪಾರ್ಕ್' ವೇಳೆಗೆ ಗೊಂಬೆಯ ಜಾಗಕ್ಕೆ ಕಂಪ್ಯೂಟರ್ ಬಂದಿತ್ತು. ಆದರೂ ಡೈನೊಸಾರ್ ಹೇಗೆ ನಡೆಯಬೇಕು, ಹೇಗೆ ಹೊಂಚುಹಾಕಬೇಕು ಎಂದು ಆ ತಂಡಕ್ಕೆ ಮಾರ್ಗದರ್ಶನ ಮಾಡಿದವರು ಸ್ಟಾಪ್ ಮೋಷನ್ ಕಲಾವಿದ ಫಿಲ್ ಟಿಪೆಟ್. ಯಂತ್ರ ಯಾವುದೇ ಇರಲಿ, ಪ್ರಾಣಿಗೆ ಮನಸ್ಸು ಕೊಡುವವನು ನಟನೇ ಆಗಿರಬೇಕು. ಒಬ್ರಿಯನ್ ಹೇಳಿಕೊಟ್ಟ ಪಾಠ ಇದು.