ಬೈಚುಂಗ್ ಭುಟಿಯಾಗೆ ಸಿಕ್ಕಿದ್ದು ಒಂದೇ ಓಟು: ಕ್ರೀಡಾ ಸಂಘಗಳಲ್ಲಿ ಆಟಗಾರರ ಮಾತು ಯಾಕೆ ನಡೆಯಲ್ಲ?

2022ರ ಸೆಪ್ಟೆಂಬರ್ 2ರಂದು ದೆಹಲಿಯಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆಯಿತು. ಒಂದು ಕಡೆ ಭಾರತ ತಂಡದ ಮಾಜಿ ನಾಯಕ ಬೈಚುಂಗ್ ಭುಟಿಯಾ. ಫುಟ್‌ಬಾಲ್ ನೋಡದವರಿಗೂ ಗೊತ್ತಿರುವ ಹೆಸರು. ಇನ್ನೊಂದು ಕಡೆ ಕಲ್ಯಾಣ್ ಚೌಬೆ. ಎಣಿಕೆ ಮುಗಿದಾಗ ಚೌಬೆಗೆ 33 ಓಟು, ಭುಟಿಯಾಗೆ 1.

ಇದನ್ನು ನೋಡಿ ಭುಟಿಯಾ ಕಂಡರೆ ಆಟಗಾರರಿಗೆ ಆಗಲ್ಲ ಅಂದುಕೊಳ್ಳಬೇಡಿ. ಆಟಗಾರರು ಆವತ್ತು ಓಟು ಹಾಕಿಯೇ ಇರಲಿಲ್ಲ. ಓಟು ಇದ್ದದ್ದು ರಾಜ್ಯ ಸಂಘಗಳ ಪ್ರತಿನಿಧಿಗಳಿಗೆ, ಒಂದು ರಾಜ್ಯಕ್ಕೆ ಒಂದರಂತೆ. ಅದೇ ಚುನಾವಣೆಯಲ್ಲಿ ನಮ್ಮ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರೂ ಶಾಸಕರೂ ಆದ ಎನ್.ಎ. ಹ್ಯಾರಿಸ್ ಉಪಾಧ್ಯಕ್ಷರಾಗಿ ಗೆದ್ದರು. ಇನ್ನೊಂದು ವಿಷಯ, ಗೆದ್ದ ಚೌಬೆ ಕೂಡ ಮಾಜಿ ಗೋಲ್‌ಕೀಪರ್. ಹಾಗಾಗಿ ಕುರ್ಚಿ ಮೇಲೆ ಆಟಗಾರ ಕೂತಿದ್ದಾನೋ ಇಲ್ಲವೋ ಎಂದು ಮಾತ್ರ ನೋಡಿದರೆ ಸಾಲದು. ಅವನನ್ನು ಅಲ್ಲಿ ಕೂರಿಸಿದ್ದು ಯಾರು ಎಂದೂ ಕೇಳಬೇಕು.

ದೆಹಲಿಯ ಕತೆ ತಾಲೂಕಿನವರಿಗೆ ಯಾಕೆ ಅಂತೀರಾ? ಆ 34 ಓಟುಗಳ ಬುಡ ಇರುವುದು ನಮ್ಮಂಥ ಊರುಗಳಲ್ಲೇ. ಕ್ಲಬ್ಬು, ತಾಲೂಕು ಘಟಕ ಸೇರಿ ಜಿಲ್ಲಾ ಸಂಘ. ಜಿಲ್ಲಾ ಸಂಘಗಳು ಸೇರಿ ರಾಜ್ಯ ಸಂಘ. ರಾಜ್ಯಗಳು ಸೇರಿ ರಾಷ್ಟ್ರೀಯ ಫೆಡರೇಷನ್. ಕಬಡ್ಡಿ, ಖೋ-ಖೋ, ವಾಲಿಬಾಲ್, ಕುಸ್ತಿ, ಅಥ್ಲೆಟಿಕ್ಸ್ ಎಲ್ಲಕ್ಕೂ ಹೆಚ್ಚುಕಡಿಮೆ ಇದೇ ಏಣಿ. ಪ್ರತಿ ಮೆಟ್ಟಿಲಲ್ಲೂ ಓಟು ಹಾಕುವವರು ಕೆಳಗಿನ ಘಟಕದ ಪದಾಧಿಕಾರಿಗಳು. ಬೆಳಿಗ್ಗೆ ಐದಕ್ಕೆ ಎದ್ದು ಮೈದಾನಕ್ಕೆ ಹೋಗುವ ಹುಡುಗಿಗೆ ಜೆರ್ಸಿ ನಂಬರ್ ಸಿಗುತ್ತೆ, ಓಟು ಸಿಗಲ್ಲ. ಸೆಲೆಕ್ಷನ್ ಯಾವತ್ತು, ಯಾವ ಊರಲ್ಲಿ, ತೂಕ ನೋಡುವುದು ಯಾರು, ಬಸ್ ಚಾರ್ಜ್ ಕೊಡ್ತಾರಾ, ಹುಡುಗಿಯರ ಜೊತೆ ಮಹಿಳಾ ಮ್ಯಾನೇಜರ್ ಬರ್ತಾರಾ, ಇದೆಲ್ಲ ತೀರ್ಮಾನ ಆಗುವ ಸಭೆಯಲ್ಲಿ ಅವಳ ಪರವಾಗಿ ಯಾರೂ ಇರುವುದಿಲ್ಲ.

ಫುಟ್‌ಬಾಲ್‌ನಲ್ಲಿ ಇದನ್ನು ಸರಿ ಮಾಡಲು ಒಮ್ಮೆ ಪ್ರಯತ್ನ ನಡೆದಿತ್ತು. ಭುಟಿಯಾ ಸೋತ ಚುನಾವಣೆಗೆ ಕೆಲವೇ ವಾರ ಮೊದಲು, ಸುಪ್ರೀಂ ಕೋರ್ಟ್ ನೇಮಿಸಿದ್ದ ಆಡಳಿತ ಸಮಿತಿ ಒಂದು ಯೋಜನೆ ಮುಂದಿಟ್ಟಿತು. ರಾಜ್ಯ ಸಂಘಗಳ ಜೊತೆಗೆ 36 ಮಾಜಿ ಆಟಗಾರರಿಗೂ ಓಟು, ಅಂದರೆ ಮತದಾರರಲ್ಲಿ ಸುಮಾರು ಅರ್ಧದಷ್ಟು ಆಟಗಾರರು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಒಪ್ಪಲಿಲ್ಲ. ಶೇ 25ರಷ್ಟು ಆಟಗಾರರು ಸಮಿತಿಯಲ್ಲಿ ಇರಲಿ, ಬಿಡಿ ಬಿಡಿ ಓಟು ಬೇಡ ಎನ್ನುವುದು ಅದರ ನಿಲುವು. ಆಗಸ್ಟ್ ಮಧ್ಯದಲ್ಲಿ, ಹೊರಗಿನವರ ಹಸ್ತಕ್ಷೇಪ ಆಗಿದೆ ಎಂದು ಭಾರತವನ್ನೇ ಅಮಾನತು ಮಾಡಿತು. ಅಕ್ಟೋಬರ್‌ನಲ್ಲಿ ಇಲ್ಲಿ ನಡೆಯಬೇಕಿದ್ದ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಕೈತಪ್ಪುವ ಹಂತಕ್ಕೆ ಬಂತು. ಕೋರ್ಟ್ ಆಡಳಿತ ಸಮಿತಿಯನ್ನು ರದ್ದು ಮಾಡಿತು, ಮತದಾರರ ಪಟ್ಟಿಯಿಂದ 36 ಆಟಗಾರರು ಹೊರಬಿದ್ದರು, ಅಮಾನತು ತೆರವಾಯಿತು. ಆಮೇಲೆ ಬಂದ ಫಲಿತಾಂಶವೇ 33–1. ಹೊಸ ಕಾರ್ಯಕಾರಿ ಸಮಿತಿಗೆ ಆರು ಮಂದಿ ಮಾಜಿ ಆಟಗಾರರನ್ನು ಸೇರಿಸಿಕೊಂಡರು ನಿಜ. ಆದರೆ ಸೇರಿಸಿಕೊಳ್ಳುವುದು ಬೇರೆ, ಆಟಗಾರರೇ ಆರಿಸಿ ಕಳಿಸುವುದು ಬೇರೆ. ಸೇರಿಸಿಕೊಂಡವರು ಯಾರಿಗೆ ಉತ್ತರ ಕೊಡ್ತಾರೆ? ಸೇರಿಸಿಕೊಂಡವರಿಗೇ ಅಲ್ಲವೇ?

ಕಬಡ್ಡಿಯಲ್ಲಿ ಕೋರ್ಟಿಗೆ ಹೋದ ಇಬ್ಬರು ಹುಡುಗಿಯರು

ನಮ್ಮ ಕಡೆ ಹೆಚ್ಚು ಜನ ನೋಡುವುದು ಕಬಡ್ಡಿ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ರಾಷ್ಟ್ರೀಯ ಕಬಡ್ಡಿ ಫೆಡರೇಷನ್‌ಗೆ ರಾಜಸ್ಥಾನದ ರಾಜಕಾರಣಿ ಜನಾರ್ದನ್ ಸಿಂಗ್ ಗೆಹ್ಲೋಟ್ 28 ವರ್ಷ ಅಧ್ಯಕ್ಷರಾಗಿದ್ದರು. 2013ರಲ್ಲಿ ಅವರ ಪತ್ನಿ ಅಧ್ಯಕ್ಷೆಯಾದರು, ಅವರು ‘ಆಜೀವ ಅಧ್ಯಕ್ಷ’ರಾದರು. ಮಾಜಿ ಆಟಗಾರರೊಬ್ಬರು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದರು. 2018ರ ಆಗಸ್ಟ್‌ನಲ್ಲಿ ಕೋರ್ಟ್ ಎರಡೂ ಹುದ್ದೆಗಳನ್ನು ರದ್ದು ಮಾಡಿ, ಆಡಳಿತಾಧಿಕಾರಿಯ ಕೈಗೆ ಫೆಡರೇಷನ್ ಕೊಟ್ಟಿತು.

ಅಲ್ಲಿಗೆ ಸಮಸ್ಯೆ ಮುಗಿಯಿತು ಅಂದುಕೊಂಡರೆ ಅದೂ ಇಲ್ಲ. ಹೊಸ ಚುನಾವಣೆ ಆಗಿದ್ದು 2023ರ ಕೊನೆಯಲ್ಲಿ. ಗೆದ್ದವರಿಗೆ ಅಧಿಕಾರ ಹಸ್ತಾಂತರ ಆಗಲಿಲ್ಲ. ಚುನಾಯಿತ ಸಮಿತಿ ಕೆಲಸ ಮಾಡುತ್ತಿಲ್ಲ ಎಂದು ಅಂತಾರಾಷ್ಟ್ರೀಯ ಫೆಡರೇಷನ್ ಭಾರತಕ್ಕೆ ಮಾನ್ಯತೆ ಕೊಡುತ್ತಿರಲಿಲ್ಲ. ಇತ್ತ ಇರಾನ್‌ನಲ್ಲಿ ಏಷ್ಯನ್ ಮಹಿಳಾ ಕಬಡ್ಡಿ ಚಾಂಪಿಯನ್‌ಷಿಪ್ ಹತ್ತಿರ ಬಂತು. ಕೊನೆಗೆ ಸುಪ್ರೀಂ ಕೋರ್ಟಿಗೆ ಹೋಗಿದ್ದು ಇಬ್ಬರು ಆಟಗಾರ್ತಿಯರು. 2025ರ ಫೆಬ್ರವರಿಯಲ್ಲಿ ಕೋರ್ಟ್ ಅಧಿಕಾರ ಹಸ್ತಾಂತರಿಸಲು ಹೇಳಿತು, ತಂಡ ಹೋಯಿತು, ಮಾರ್ಚ್‌ನಲ್ಲಿ ಟೆಹರಾನ್‌ನಲ್ಲಿ ಫೈನಲ್‌ನಲ್ಲಿ ಇರಾನ್ ತಂಡವನ್ನೇ 32–25ರಿಂದ ಸೋಲಿಸಿ ಕಪ್ ತಂದಿತು.

ಆಡುವುದಕ್ಕೆ ಅವಕಾಶ ಕೊಡಿ ಅಂತ ಆಟಗಾರ್ತಿ ದೇಶದ ಅತಿ ದೊಡ್ಡ ಕೋರ್ಟಿಗೆ ಹೋಗಬೇಕಾಯಿತು. ಫೆಡರೇಷನ್ ಒಳಗೇ ಅವಳ ಮಾತು ಕೇಳುವ ಒಂದು ಜಾಗ ಇದ್ದಿದ್ದರೆ ವಕೀಲರ ಫೀಸು ಯಾಕೆ ಬೇಕಿತ್ತು?

ಕುಸ್ತಿಯಲ್ಲಿ ಬೀದಿಗೆ ಬಂದ ಮೇಲೆ

ಕುಸ್ತಿಪಟುಗಳ ಹೋರಾಟ ಎಲ್ಲರೂ ಟಿವಿಯಲ್ಲಿ ನೋಡಿದ್ದೇ. 2023ರ ಜನವರಿಯಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ಜಂತರ್ ಮಂತರ್‌ನಲ್ಲಿ ಕೂತರು. ಸುಮಾರು 12 ವರ್ಷ ಫೆಡರೇಷನ್ ಅಧ್ಯಕ್ಷರಾಗಿದ್ದ ಬ್ರಿಜ್ ಭೂಷಣ್ ಶರಣ್ ಸಿಂಗ್ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಅವರು ಆರೋಪ ನಿರಾಕರಿಸಿದ್ದಾರೆ. ಅದನ್ನು ತೀರ್ಮಾನಿಸುವುದು ಕೋರ್ಟಿನ ಕೆಲಸ, ಇಲ್ಲಿ ಆ ವಿಚಾರಕ್ಕೆ ಹೋಗುವುದಿಲ್ಲ.

ಹೆಚ್ಚು ಜನ ಗಮನಿಸದೇ ಬಿಟ್ಟ ಎರಡು ಸಂಗತಿ ಇವೆ. ಒಂದು, ಆಗ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಬೇರೆ ಯಾರೂ ಅಲ್ಲ, ಪಿ.ಟಿ. ಉಷಾ. ಆರೋಪಗಳ ಬಗ್ಗೆ ಸರ್ಕಾರ ಮಾಡಿದ ಮೇಲ್ವಿಚಾರಣಾ ಸಮಿತಿಯ ಮುಖ್ಯಸ್ಥೆ ಮೇರಿ ಕೋಮ್. ಇಬ್ಬರೂ ದೇಶ ಕಂಡ ದೊಡ್ಡ ಕ್ರೀಡಾಪಟುಗಳು. ಆದರೂ ಸಮಿತಿಗೆ ಯಾರನ್ನು ಹಾಕುತ್ತೀರಿ ಎಂದು ನಮ್ಮನ್ನು ಕೇಳಲಿಲ್ಲ ಎಂದು ಕುಸ್ತಿಪಟುಗಳು ದೂರಿದರು. ಬೀದಿಗೆ ಬಂದದ್ದು ಅಶಿಸ್ತು ಎಂಬ ಅರ್ಥದ ಮಾತು ಉಷಾ ಅವರಿಂದ ಬಂತು. ಆಮೇಲೆ ಅವರು ಧರಣಿ ಸ್ಥಳಕ್ಕೆ ಹೋಗಿ ಮಾತಾಡಿಸಿದರು ಅನ್ನುವುದೂ ನಿಜ. ನನಗೆ ಅನ್ನಿಸುವುದು ಇಷ್ಟು: ಕುರ್ಚಿ ಮೇಲೆ ಕೂತ ಮೇಲೆ ಎಂಥ ಆಟಗಾರರಾದರೂ ಮೊದಲು ಸಂಸ್ಥೆಯ ಹೆಸರಿನ ಬಗ್ಗೆ ಯೋಚಿಸುತ್ತಾರೆ. ಅದು ಅವರ ತಪ್ಪಲ್ಲ, ಆ ಕುರ್ಚಿಯ ಕೆಲಸವೇ ಅದು. ಅದಕ್ಕೇ ಆಟಗಾರರ ಪರವಾಗಿ ಮಾತಾಡಲು ಇನ್ನೊಬ್ಬರು, ಆಟಗಾರರೇ ಆರಿಸಿದವರು ಬೇಕು.

ಎರಡನೆಯದು ಓಟಿನ ಲೆಕ್ಕ. 2023ರ ಡಿಸೆಂಬರ್ 21ರ ಚುನಾವಣೆಯಲ್ಲಿ ಹೋರಾಟಗಾರರು ಬೆಂಬಲಿಸಿದ್ದು ಅನಿತಾ ಶಿಯೋರಾನ್ ಅವರನ್ನು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. ಅವರಿಗೆ ಬಿದ್ದದ್ದು 7 ಓಟು. ಬ್ರಿಜ್ ಭೂಷಣ್ ಆಪ್ತ ಸಂಜಯ್ ಸಿಂಗ್‌ಗೆ 40. ಇಲ್ಲೂ ಮತದಾರರು ರಾಜ್ಯ ಸಂಘಗಳವರೇ. ಆವತ್ತೇ ಸಾಕ್ಷಿ ಮಲಿಕ್ ಶೂ ಬಿಚ್ಚಿ ಮೇಜಿನ ಮೇಲಿಟ್ಟು ಕುಸ್ತಿ ಬಿಟ್ಟರು.

ಮುಂದೆ ಜಾಗತಿಕ ಕುಸ್ತಿ ಸಂಸ್ಥೆ ಭಾರತದ ಮೇಲಿದ್ದ ಅಮಾನತನ್ನು 2024ರ ಫೆಬ್ರವರಿಯಲ್ಲಿ ತೆಗೆಯುವಾಗ ಹಾಕಿದ ಷರತ್ತು ಓದಿದರೆ, ಆಟಗಾರರ ಆಯೋಗ ಹೇಗಿರಬೇಕು ಅನ್ನುವುದು ಅರ್ಥವಾಗುತ್ತದೆ. ಆಯೋಗಕ್ಕೆ ನಿಲ್ಲುವವರು ಈಗಲೂ ಆಡುತ್ತಿರಬೇಕು, ಇಲ್ಲವೇ ನಿವೃತ್ತಿಯಾಗಿ ನಾಲ್ಕು ವರ್ಷ ಮೀರಿರಬಾರದು. ಓಟು ಹಾಕುವವರು ಆಟಗಾರರು ಮಾತ್ರ. ಇಪ್ಪತ್ತು ವರ್ಷದ ಹಿಂದೆ ಆಡಿದವರಿಗೆ ಇವತ್ತಿನ ಹಾಸ್ಟೆಲ್ ಊಟ ಹೇಗಿದೆ ಗೊತ್ತಿರಲ್ಲ. ಅದಕ್ಕೇ ನಾಲ್ಕು ವರ್ಷದ ಗಡಿ. ಏಪ್ರಿಲ್‌ನಲ್ಲಿ ವಾರಾಣಸಿಯಲ್ಲಿ ಚುನಾವಣೆ ನಡೆಯಿತು, ನರಸಿಂಗ್ ಯಾದವ್ ಅಧ್ಯಕ್ಷರಾದರು. ಏಳು ಸ್ಥಾನಕ್ಕೆ ನಿಂತವರು ಎಂಟೇ ಮಂದಿ. ಅಂಥ ದೊಡ್ಡ ಹೋರಾಟ ನಡೆದ ಆಟದಲ್ಲಿ ಎಂಟೇ ಜನ ಯಾಕೆ ಎಂಬ ಪ್ರಶ್ನೆಗೆ ಯಾವ ಗರಡಿಯಲ್ಲಿ ಕೇಳಿದರೂ ಒಂದೇ ಉತ್ತರ ಸಿಗಬಹುದು: ನಾಳೆ ಸೆಲೆಕ್ಷನ್ ಮಾಡುವವರನ್ನು ಇವತ್ತು ಎದುರು ಹಾಕಿಕೊಳ್ಳೋರು ಯಾರು?

ಸಂಘ ನಡೆಸುವವರ ಮಾತೂ ಕೇಳಬೇಕು. ಮೈದಾನ ಬುಕ್ ಮಾಡುವುದು, ರೆಫರಿಗಳಿಗೆ ಊಟ ಹಾಕುವುದು, ಲೆಕ್ಕ ಬರೆಯುವುದು, ಚಂದಾಕ್ಕೆ ಅಂಗಡಿ ಅಂಗಡಿ ತಿರುಗುವುದು, ಎಲ್ಲ ಮಾಡುವವರು ನಾವು. ಹುಡುಗರಿಗೆ ಪ್ರಾಕ್ಟೀಸೇ ಸಾಕಾಗುತ್ತೆ, ಸಭೆಗೆ ಎಲ್ಲಿ ಬರ್ತಾರೆ ಅಂತಾರೆ. ಅರ್ಧ ನಿಜ. ಎಷ್ಟೋ ಊರಲ್ಲಿ ಒಬ್ಬ ಪಿ.ಟಿ. ಮೇಷ್ಟ್ರು ಇಲ್ಲದಿದ್ದರೆ ಆ ಆಟವೇ ಇರುತ್ತಿರಲಿಲ್ಲ. ಆದರೆ ಆಟಗಾರರೇ ಸಂಘ ನಡೆಸಲಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ತೀರ್ಮಾನ ಆಗುವ ಜಾಗದಲ್ಲಿ ಅವರದ್ದೂ ಒಂದೆರಡು ಓಟು ಇರಲಿ ಎನ್ನುವುದಷ್ಟೇ ಬೇಡಿಕೆ.

ಹೀಗೆ ನಡೆಯುತ್ತಿರುವ ಉದಾಹರಣೆಗಳೂ ಇವೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯಲ್ಲಿ 1981ರಿಂದ ಆಟಗಾರರ ಆಯೋಗವಿದೆ. 1996ರ ಅಟ್ಲಾಂಟಾ ಕ್ರೀಡಾಕೂಟದಿಂದ ಅದರ ಕೆಲವು ಸದಸ್ಯರನ್ನು ಕ್ರೀಡಾಕೂಟಕ್ಕೆ ಬಂದ ಆಟಗಾರರೇ ಆರಿಸುತ್ತಾರೆ. ಆ ಆಯೋಗದ ಅಧ್ಯಕ್ಷೆಯಾಗಿದ್ದ ಜಿಂಬಾಬ್ವೆಯ ಈಜುಗಾರ್ತಿ ಕರ್ಸ್ಟಿ ಕೊವೆಂಟ್ರಿ 2025ರಲ್ಲಿ ಇಡೀ ಒಲಿಂಪಿಕ್ ಸಮಿತಿಗೇ ಅಧ್ಯಕ್ಷೆಯಾದರು. ನಮ್ಮ ಕ್ರಿಕೆಟ್ ಮಂಡಳಿಯಲ್ಲೂ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ನಿಯಮಾವಳಿಯ ಪ್ರಕಾರ, ಒಂಬತ್ತು ಜನರ ಉನ್ನತ ಸಮಿತಿಯಲ್ಲಿ ಎರಡು ಸ್ಥಾನ ಆಟಗಾರರ ಸಂಘದ್ದು, ಒಬ್ಬ ಪುರುಷ, ಒಬ್ಬ ಮಹಿಳೆ. 2019ರಲ್ಲಿ ಮಹಿಳಾ ಸ್ಥಾನಕ್ಕೆ ಬಂದವರು ನಮ್ಮ ರಾಜ್ಯದ ಶಾಂತಾ ರಂಗಸ್ವಾಮಿ. ಆದರೆ ಆ ಸಂಘ ನಿವೃತ್ತರಿಗೆ ಮಾತ್ರ. ಈಗ ಆಡುತ್ತಿರುವ ಕ್ರಿಕೆಟಿಗರಿಗೆ ಅದರಲ್ಲಿ ಜಾಗ ಇಲ್ಲ.

ಹೊಸ ಕಾಯ್ದೆ ಎಷ್ಟು ದೂರ ಬರುತ್ತದೆ?

2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಪಾಸು ಮಾಡಿತು. ಅದರ ಪ್ರಕಾರ ರಾಷ್ಟ್ರೀಯ ಸಂಸ್ಥೆಗಳ ಕಾರ್ಯಕಾರಿ ಸಮಿತಿ 15 ಜನ ಮೀರುವಂತಿಲ್ಲ. ಅದರಲ್ಲಿ ಕನಿಷ್ಠ ಇಬ್ಬರು ಹೆಸರು ಮಾಡಿದ ಆಟಗಾರರು, ಕನಿಷ್ಠ ನಾಲ್ವರು ಮಹಿಳೆಯರು ಇರಬೇಕು. ಪ್ರತಿ ಸಂಸ್ಥೆಗೂ ಆಟಗಾರರ ಸಮಿತಿ ಕಡ್ಡಾಯ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಸತತ ಮೂರು ಅವಧಿ ಮುಗಿಸಿದ ಮೇಲೆ ಬಿಡುವು ಕೊಡಲೇಬೇಕು. ಸರ್ಕಾರದ ಅನುದಾನ ಪಡೆಯುವ ಸಂಸ್ಥೆ ಆ ದುಡ್ಡಿನ ಮಟ್ಟಿಗೆ ಮಾಹಿತಿ ಹಕ್ಕಿನ ಅಡಿ ಉತ್ತರ ಕೊಡಬೇಕು. ಜಗಳ ಬಗೆಹರಿಸಲು ಪ್ರತ್ಯೇಕ ನ್ಯಾಯಮಂಡಳಿ, ಚುನಾವಣೆ ನೋಡಿಕೊಳ್ಳಲು ಪ್ರತ್ಯೇಕ ಸಮಿತಿ. ಆಜೀವ ಅಧ್ಯಕ್ಷರ ಕಾಲ ಮುಗಿಯಿತು ಅನ್ನಬಹುದು.

15ರಲ್ಲಿ ಇಬ್ಬರು ಎಷ್ಟು ಕೆಲಸ ಮಾಡಿಯಾರು ಅನ್ನುವ ಅನುಮಾನ ನನಗಿದೆ. ಅದಕ್ಕಿಂತ ಮುಖ್ಯವಾದ ವಿಷಯ, ಕ್ರೀಡೆ ರಾಜ್ಯ ಪಟ್ಟಿಯಲ್ಲಿರುವುದರಿಂದ ಈ ಕಾಯ್ದೆ ನೇರವಾಗಿ ಹಿಡಿಯುವುದು ಮೇಲಿನ ಮೆಟ್ಟಿಲನ್ನು. ನಮ್ಮ ಜಿಲ್ಲಾ, ತಾಲೂಕು ಸಂಘಗಳಲ್ಲಿ ಬಹಳಷ್ಟು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನಡೆಯುವಂಥವು. ಅಂದರೆ ನಮ್ಮ ಯುವಕ ಸಂಘ, ಮಹಿಳಾ ಮಂಡಳಿಗಳಿಗೆ ಇರುವ ಕಾನೂನೇ ಇವಕ್ಕೂ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಕೊಡಬೇಕು. ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಅರ್ಜಿ ಕೊಟ್ಟರೆ ಸಂಘದ ವ್ಯವಹಾರದ ಮೇಲೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು.

ಆದರೆ ಈ ಹಕ್ಕೆಲ್ಲ ‘ಸದಸ್ಯ’ರಿಗೆ. ಸಂಘದ ಜೆರ್ಸಿ ಹಾಕಿ ಹತ್ತು ವರ್ಷ ಆಡಿದರೂ, ಸದಸ್ಯತ್ವದ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಆತ ಹೊರಗಿನವನೇ. ಹಾಗಾಗಿ ಎಲ್ಲದಕ್ಕಿಂತ ಮೊದಲು ನೋಡಬೇಕಾದ್ದು ಸಂಘದ ಬೈಲಾ. ಅದರಲ್ಲಿ ಸದಸ್ಯ ಯಾರಾಗಬಹುದು ಎಂದು ಬರೆದಿದೆ? ತಾಲೂಕು ತಂಡಕ್ಕೆ ಇಂತಿಷ್ಟು ವರ್ಷ ಆಡಿದವರಿಗೆ ಸದಸ್ಯತ್ವ ಎಂಬ ಒಂದು ಸಾಲು, ಆಟಗಾರರೇ ಗುಟ್ಟಾಗಿ ಓಟು ಹಾಕಿ ಇಬ್ಬರನ್ನು, ಅವರಲ್ಲಿ ಒಬ್ಬಾಕೆಯನ್ನು, ಸಮಿತಿಗೆ ಕಳಿಸಬೇಕು ಎಂಬ ಇನ್ನೊಂದು ಸಾಲು. ಇಷ್ಟನ್ನು ಸೇರಿಸಲು ದೆಹಲಿಗೆ ಹೋಗಬೇಕಿಲ್ಲ, ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿ ಪಾಸಾಗಿ ನೋಂದಣಿಯಾದರೆ ಆಯಿತು. ಆಟಗಾರರಿಗೆ ಹೆದರಿಕೆ ಇದ್ದರೆ, ಎರಡು ಮೂರು ವರ್ಷದ ಹಿಂದೆ ಆಟ ಬಿಟ್ಟವರನ್ನು ನಿಲ್ಲಿಸಬಹುದು. ಅವರಿಗೆ ಸೆಲೆಕ್ಷನ್ ಚಿಂತೆ ಇರಲ್ಲ.

ಅಂಗಡಿಯವರ ಪಾತ್ರವೂ ಸಣ್ಣದೇನಲ್ಲ. ಹೊನಲು ಬೆಳಕಿನ ಟೂರ್ನಮೆಂಟ್‌ಗೆ ಕಪ್ಪು, ಬ್ಯಾನರು, ನಗದು ಬಹುಮಾನ ಎಲ್ಲ ಬರುವುದು ನಿಮ್ಮ ಗಲ್ಲಾದಿಂದಲೇ. ರಸೀದಿ ಪುಸ್ತಕ ಹಿಡಿದು ಬಂದವರಿಗೆ ಚಂದಾ ಕೊಡುವಾಗ, ಹೋದ ವರ್ಷದ ಲೆಕ್ಕದ ಜೊತೆಗೆ, ಸಮಿತಿಯಲ್ಲಿ ಆಡುವ ಹುಡುಗರು ಎಷ್ಟು ಜನ ಇದ್ದಾರೆ ಅಂತಲೂ ಒಂದು ಮಾತು ಕೇಳಿ. ಬೈಲಾ ನೋಡಬೇಕು ಅನ್ನುವವರು ಮೊದಲು ಸಂಘದ ಕಾರ್ಯದರ್ಶಿಯನ್ನು ಕೇಳಬಹುದು. ಕೊಡದಿದ್ದರೆ ಸಂಘದ ನೋಂದಣಿ ಸಂಖ್ಯೆ ಬರೆದು ಜಿಲ್ಲೆಯ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಪ್ರತಿ ಪಡೆಯಬಹುದು.