ಅವ್ವನಿಗೆ ಕೊಡುವ ಬಾಡಿಗೆ

ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ ನಡೆಯುವುದು ಮಾಘ ಮಾಸದಲ್ಲಿ. ನೌಕರವರ್ಗದವರು ತೆರಿಗೆ ವಿನಾಯಿತಿಯ ಪುರಾವೆಗಳನ್ನು ಕಚೇರಿಗೆ ಸಲ್ಲಿಸಬೇಕಾದುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಹೀಗಾಗಿ ಬೆಂಗಳೂರು, ಪುಣೆಗಳಿಂದ ಊರಿಗೆ ಬರುವ ಮಕ್ಕಳ ಚೀಲದಲ್ಲಿ ದೇವಿಗೆ ಒಪ್ಪಿಸುವ ಸೀರೆ, ಖಣಗಳ ಜೊತೆಗೆ ಹನ್ನೆರಡು ತಿಂಗಳ ಬಾಡಿಗೆ ರಸೀದಿಗಳೂ ಇರುವುದುಂಟು. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಮಾಡುವವಳು ಅವ್ವ. ನಗರದ ಫ್ಲ್ಯಾಟು ಆಕೆಯ ಹೆಸರಿನಲ್ಲಿರುತ್ತದೆ. ಹೊಲ ಮಾರಿದ ಹಣದಿಂದಲೋ, ತೀರಿಕೊಂಡ ಗಂಡನ ಗ್ರಾಚ್ಯುಟಿಯಿಂದಲೋ ಕೊಂಡದ್ದು. ಅದರ ಬಾಡಿಗೆ ಮಾತ್ರ ಆಕೆಯ ಕೈಗೆ ಬಂದಿರುವುದಿಲ್ಲ.

ಸೇವೆಯಲ್ಲಿದ್ದಾಗ ಇಂತಹ ರಸೀದಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ನಿವೃತ್ತನಾದ ಮೇಲೂ ಪರಿಚಿತರ ಮಕ್ಕಳು ಕೇಳುವ ಪ್ರಶ್ನೆ ಅದೇ: ‘ಅವ್ವಗ ಬಾಡಿಗಿ ಕೊಟ್ಟೇವಿ ಅಂತ ತೋರಿಸಿದ್ರ ನಡೀತದೇನ್ರಿ ಕಾಕಾ?’ ತೋರಿಸಿದರೆ ನಡೆಯುವುದಿಲ್ಲ, ಕೊಟ್ಟರೆ ನಡೆಯುತ್ತದೆ ಎಂಬುದು ನನ್ನ ಉತ್ತರ. ಕಾನೂನಿನ ನಿಲುವೂ ಇದೇ ಆಗಿದೆ.

ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ನೀಡಿದ್ದು 1961ರ ಆದಾಯ ತೆರಿಗೆ ಕಾಯ್ದೆಯ 10(13ಎ) ಕಲಮು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಹೊಸ ಕಾಯ್ದೆಯಲ್ಲೂ ಈ ವಿನಾಯಿತಿ ಉಳಿದಿದೆ. ಷರತ್ತುಗಳು ಮುಖ್ಯವಾಗಿ ಎರಡು: ವಾಸದ ಮನೆ ನೌಕರನ ಸ್ವಂತದ್ದಾಗಿರಬಾರದು, ಬಾಡಿಗೆಯನ್ನು ಆತ ವಾಸ್ತವವಾಗಿ ತೆತ್ತಿರಬೇಕು. ಮನೆಯ ಮಾಲೀಕ ಸಂಬಂಧಿಯಾಗಿರಬಾರದು ಎಂಬ ಷರತ್ತು ಇಲ್ಲ.

ಈ ವಿಷಯದಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. 2013ರಲ್ಲಿ ಅಹಮದಾಬಾದ್ ಪೀಠದ ಮುಂದಿದ್ದ ಪ್ರಕರಣದಲ್ಲಿ ನೌಕರನೊಬ್ಬ ಹೆಂಡತಿಯ ಮನೆಯಲ್ಲಿ ಆಕೆಯ ಜೊತೆಗೇ ವಾಸವಿದ್ದು, ಆಕೆಗೆ ಬಾಡಿಗೆ ಕೊಡುತ್ತಿದ್ದ. ಎರಡೂ ಷರತ್ತು ಪೂರೈಸಿರುವುದರಿಂದ ವಿನಾಯಿತಿ ಸಲ್ಲುತ್ತದೆ ಎಂದಿತು ಪೀಠ. 2017ರಲ್ಲಿ ಮುಂಬೈ ಪೀಠದ ಮುಂದಿದ್ದ ಮಹಿಳೆ ತಾಯಿಗೆ ನಗದಾಗಿ ಬಾಡಿಗೆ ಕೊಟ್ಟೆನೆಂದು ಹೇಳಿದ್ದರು. ಕರಾರುಪತ್ರವಾಗಲಿ, ಬ್ಯಾಂಕಿನ ದಾಖಲೆಯಾಗಲಿ ಇರಲಿಲ್ಲ. ಆಕೆ ವಾಸವಿದ್ದುದು ಬೇರೆಡೆ, ತನ್ನದೇ ಕುಟುಂಬದೊಂದಿಗೆ ಎಂಬುದು ವಿಚಾರಣೆಯಲ್ಲಿ ಕಂಡುಬಂತು. ಆ ಬಾಡಿಗೆ ಬರೀ ತೋರಿಕೆಯದೆಂದು ಪೀಠ ತಳ್ಳಿಹಾಕಿತು. ಗಂಡ ಹೆಂಡಿರ ನಡುವಿನ ಬಾಡಿಗೆ ಊರ್ಜಿತವಾಯಿತು, ತಾಯಿ ಮಗಳ ನಡುವಿನದು ಬಿದ್ದುಹೋಯಿತು. ಎರಡೂ ಕಡೆ ನ್ಯಾಯಮಂಡಳಿ ತೂಗಿ ನೋಡಿದ್ದು ಹಣ ನಿಜವಾಗಿ ಕೈ ಬದಲಾಯಿಸಿತೇ ಎಂಬುದನ್ನು.

ಬ್ರಿಟನ್ನಿನ ನಿಯಮ ಇದಕ್ಕಿಂತ ಬಿಗಿ. ಅಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರ ನೀಡುವ ಗೃಹ ನೆರವಿನ 2006ರ ನಿಯಮಾವಳಿಯ ಪ್ರಕಾರ, ಅದೇ ಮನೆಯಲ್ಲಿ ವಾಸವಿರುವ ಹತ್ತಿರದ ಸಂಬಂಧಿಗೆ ಬಾಡಿಗೆ ಕೊಡುವವರಿಗೆ ನೆರವು ಇಲ್ಲ. ಒಂದೇ ಸೂರಿನಡಿ ಮೂರು ತಲೆಮಾರು ಬಾಳುವ ನಮ್ಮ ದೇಶದಲ್ಲಿ ಕಾನೂನು ಅಷ್ಟು ದೂರ ಹೋಗಿಲ್ಲ. ಈ ಉದಾರತೆಯ ದುರುಪಯೋಗ ಹೆಚ್ಚಿದಷ್ಟೂ ಪ್ರಾಮಾಣಿಕರ ಮೇಲಿನ ಅನುಮಾನವೂ ಹೆಚ್ಚುತ್ತದೆ.

ಚಿಂಚಲಿಯಂತಹ ಊರಿನಲ್ಲೇ ನೌಕರಿ ಮಾಡುವವರ ಲೆಕ್ಕ ಬೇರೆ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಲ್ಲಿ ಜಾರಿಯಾದಾಗ ಸಣ್ಣ ಊರುಗಳ ಬಾಡಿಗೆ ಭತ್ಯೆ ಮೂಲ ವೇತನದ ಶೇ 7.5ಕ್ಕೆ ನಿಗದಿಯಾಯಿತು. ಶಿಕ್ಷಕರೊಬ್ಬರ ಮೂಲ ವೇತನ 50,000 ರೂಪಾಯಿ, ತುಟ್ಟಿಭತ್ಯೆ ಸೇರಿ 57,000 ಎಂದಿಟ್ಟುಕೊಳ್ಳಿ. ಅವರ ಬಾಡಿಗೆ ಭತ್ಯೆ 3,750. ಆದರೆ ತೆತ್ತ ಬಾಡಿಗೆಯಲ್ಲಿ ವೇತನದ ಶೇ 10ನ್ನು, ಅಂದರೆ 5,700 ರೂಪಾಯಿಯನ್ನು, ಕಳೆದು ಉಳಿದದ್ದಕ್ಕಷ್ಟೇ ವಿನಾಯಿತಿ. ಪೂರ್ಣ ಭತ್ಯೆಗೆ ವಿನಾಯಿತಿ ಬೇಕಾದರೆ ಬಾಡಿಗೆ 9,450 ಎಂದು ಬರೆಯಬೇಕು. 5,000ದ ಮನೆಯಲ್ಲಿದ್ದು ಸತ್ಯ ಬರೆದರೆ ಚಿಕ್ಕಾಸಿನ ಲಾಭವೂ ಇಲ್ಲ. ಸುಳ್ಳು ರಸೀದಿಗೆ ಪ್ರೇರಣೆ ಸೂತ್ರದಲ್ಲೇ ಅಡಗಿದೆ.

ಈಗ ಆ ಸುಳ್ಳಿನ ಅಗತ್ಯವೂ ಬಹುಪಾಲು ಇಲ್ಲವಾಗಿದೆ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಆಯ್ಕೆ. ಅದರಲ್ಲಿ ಬಾಡಿಗೆ ಭತ್ಯೆಗೆ ವಿನಾಯಿತಿ ಇಲ್ಲ. ಆದರೆ 2025-26ರಿಂದ ಆ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೂ ಇಲ್ಲ. ನಮ್ಮ ಶಿಕ್ಷಕರಿಗೆ ರಸೀದಿಯ ಗೊಡವೆಯೇ ಬೇಡ. ಇನ್ನು ಪಿತ್ರಾರ್ಜಿತ ಮನೆಯಲ್ಲಿದ್ದುಕೊಂಡು ತಂದೆಗೆ ಬಾಡಿಗೆ ಕೊಡುತ್ತೇನೆ ಎನ್ನುವ ವಾದ ಮೊದಲಿನಿಂದಲೂ ದುರ್ಬಲ. ಉತಾರದಲ್ಲಿ ಹೆಸರು ತಂದೆಯದಿದ್ದರೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಜನ್ಮತಃ ಪಾಲಿದೆ. 2005ರ ತಿದ್ದುಪಡಿಯ ನಂತರ ಮಗಳಿಗೂ ಇದೆ. ತನ್ನ ಪಾಲಿನ ಮನೆಗೆ ತಾನೇ ಬಾಡಿಗೆದಾರನಾಗುವುದು ಹೇಗೆ?

ಪ್ರಶ್ನೆ ಜೀವಂತವಾಗಿ ಉಳಿದಿರುವುದು ಹೆಚ್ಚು ಸಂಬಳ ಪಡೆದು, ಹಳೆಯ ಪದ್ಧತಿಯಲ್ಲೇ ಉಳಿದಿರುವ ನಗರವಾಸಿಗಳಿಗೆ. ವೇತನ 90,000 ಇರುವವನು ಅವ್ವನ ಫ್ಲ್ಯಾಟಿಗೆ ತಿಂಗಳಿಗೆ 15,000 ಬಾಡಿಗೆ ಕೊಟ್ಟರೆ, ಅವನ ಭತ್ಯೆ ಅಷ್ಟಿದ್ದಲ್ಲಿ, ವರ್ಷಕ್ಕೆ 72,000 ರೂಪಾಯಿ ವಿನಾಯಿತಿ ಸಿಗುತ್ತದೆ. ಶೇ 30ರ ಹಂತದವನಾದರೆ ಉಳಿತಾಯ 21,600. ಅವ್ವನಿಗೆ ಬರುವುದು 1,80,000. ಅದರಲ್ಲಿ ಶೇ 30 ಕಳೆದು ಉಳಿದದ್ದಷ್ಟೇ ಆಕೆಯ ಆದಾಯ. ಬೇರೆ ದೊಡ್ಡ ವರಮಾನವಿಲ್ಲದಿದ್ದರೆ ಆಕೆ ತೆರಿಗೆ ಕಟ್ಟಬೇಕಾಗಿಲ್ಲ. ಇದೆಲ್ಲವೂ ಕಾನೂನುಬದ್ಧ.

ಇದೇ ವ್ಯವಹಾರ ಸುಳ್ಳಾದಾಗ ನಷ್ಟ ಯಾರಿಗೆ? ಬೊಕ್ಕಸಕ್ಕೆ 21,600, ಅವ್ವನಿಗೆ 1,80,000. ಸರ್ಕಾರದ ನಷ್ಟದ ಬಗ್ಗೆ ನಾವು ಮಾತಾಡುತ್ತೇವೆ, ಆಕೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಔಷಧಿಗೆ, ಮೊಮ್ಮಗಳ ಕೈಗಿಡುವ ಹತ್ತು ರೂಪಾಯಿಗೆ ಮಗನ ಮುಖ ನೋಡುವ ಹೆಂಗಸು, ಕಾಗದದ ಪ್ರಕಾರ ತಿಂಗಳಿಗೆ ಹದಿನೈದು ಸಾವಿರ ಎಣಿಸಿಕೊಂಡ ಮಾಲೀಕಳು. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಆಕೆಯ ಪ್ಯಾನ್ ಸಂಖ್ಯೆ ನೀಡುವುದು ಕಡ್ಡಾಯವಾದ್ದರಿಂದ, ನಾಳೆ ವಿಚಾರಣೆ ಬಂದರೆ ಕಾಣದ ಹಣಕ್ಕೆ ಉತ್ತರ ಹೇಳಬೇಕಾದವಳೂ ಆಕೆಯೇ. ಸುಳ್ಳು ವಿವರ ಕೊಟ್ಟದ್ದು ಸಾಬೀತಾದರೆ ಮಗನಿಗೆ ತಪ್ಪಿಸಿದ ತೆರಿಗೆಯ ಶೇ 200ರಷ್ಟು ದಂಡ ಬೀಳಬಹುದು.

‘ಅವ್ವಗ ಎಂಥಾ ಬಾಡಿಗಿ, ನಾವೇ ನೋಡ್ಕೋತೇವಲ್ಲ’ ಎನ್ನುವವರಿದ್ದಾರೆ. ನೋಡಿಕೊಳ್ಳುವುದು ಕರ್ತವ್ಯ, ಬಾಡಿಗೆ ಹಕ್ಕು. ಒಂದನ್ನು ಕೊಟ್ಟ ಮಾತ್ರಕ್ಕೆ ಇನ್ನೊಂದು ತೀರುವುದಿಲ್ಲ. ಹೆಣ್ಣುಮಕ್ಕಳ ಹೆಸರಿಗೆ ಆಸ್ತಿ ಬಂದರೂ ಅದರ ಫಲ ಅವರ ಕೈಗೆ ಬಾರದಿರುವುದು ನಮ್ಮ ಸಮಾಜದ ಹಳೆಯ ರೋಗ. ತೆರಿಗೆಯ ನಿಯಮವೊಂದು ಅದನ್ನು ತಿಂಗಳಿಗೊಮ್ಮೆ ಸರಿಪಡಿಸುವ ಅವಕಾಶ ಒದಗಿಸಿದೆ.

ಮಾಡಬೇಕಾದುದು ಕಷ್ಟದ್ದೇನಲ್ಲ. ಸರಳವಾದ ಕರಾರುಪತ್ರ ಬರೆಸಿ. ಸುತ್ತಲಿನ ದರಕ್ಕೆ ಹೊಂದುವ ಬಾಡಿಗೆ ನಮೂದಿಸಿ. ತಿಂಗಳ ಮೊದಲ ವಾರ ಹಣ ಆಕೆಯ ಖಾತೆಗೆ ತಾನಾಗಿಯೇ ಜಮೆಯಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಅಗತ್ಯವಿದ್ದರೆ ಆಕೆಯ ವಿವರಪಟ್ಟಿಯನ್ನೂ ಸಲ್ಲಿಸಿ. ಪಾಸ್‌ಬುಕ್ಕು, ಎಟಿಎಂ ಕಾರ್ಡು ಎರಡೂ ಅವ್ವನ ಬಳಿಯೇ ಇರಲಿ. ಅನಂತರ ಆ ಹಣವನ್ನು ಆಕೆ ಯಾವುದಕ್ಕೆ ಖರ್ಚು ಮಾಡಿದಳೆಂದು ಕೇಳದಿರಿ.